ಹೆಪಟೈಟಿಸ್ ಸಿ: ಮೊದಲ ರಿಪೋರ್ಟ್‌ಗೇ ನಿಲ್ಲಬೇಡಿ

ಗಲ್ಫ್ ಉದ್ಯೋಗಕ್ಕೆಂದು ಮಂಗಳೂರಿನಲ್ಲಿ ಮೆಡಿಕಲ್ ಮಾಡಿಸಿಕೊಂಡ ಕೆಲವರಿಗೆ ತಮ್ಮ ರಕ್ತದಲ್ಲಿ ಹೆಪಟೈಟಿಸ್ ಸಿ ಇರುವುದು ತಿಳಿಯುವುದೇ ‘ಅನ್‌ಫಿಟ್’ ಎಂಬ ಷರಾದಿಂದ. ವೀಸಾ ಕೈತಪ್ಪಿದ ದುಃಖದಲ್ಲಿ, ನಾಲ್ಕು ಜನರಿಗೆ ತಿಳಿದೀತೆಂಬ ಅಂಜಿಕೆಯಲ್ಲಿ ಆ ಕಾಗದವನ್ನು ಕಪಾಟಿನಲ್ಲಿಟ್ಟು ಸುಮ್ಮನಾಗುವವರಿದ್ದಾರೆ. ಹಾಗೆ ಸುಮ್ಮನಿರಬಾರದು, ಏಕೆಂದರೆ ವೈರಾಣುವಿನಿಂದ ಯಕೃತ್ತಿಗೆ (ಲಿವರ್) ಬರುವ ಇದು ಗುಣವಾಗುವ ಕಾಯಿಲೆ.

ಮೊದಲು ಹಿಂದಿನದನ್ನು ನೆನಪಿಸಿಕೊಳ್ಳಿ. ದಾನದ ರಕ್ತದಲ್ಲಿ ಈ ವೈರಾಣುವಿನ ಪರೀಕ್ಷೆ ನಮ್ಮಲ್ಲಿ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೆ ಮುನ್ನ ಹೆರಿಗೆ, ಅಪಘಾತ, ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಸಿರಿಂಜ್ ಹಂಚಿಕೊಂಡು ಮಾದಕವಸ್ತು ಚುಚ್ಚಿಕೊಂಡವರು, ಒಬ್ಬರಿಗೆ ಬಳಸಿದ ಸೂಜಿಯಿಂದ ಇಂಜೆಕ್ಷನ್ ಅಥವಾ ಹಚ್ಚೆ ಹಾಕಿಸಿಕೊಂಡವರು, ಸೋಂಕಿತ ತಾಯಿಗೆ ಹುಟ್ಟಿದವರು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಜೊತೆಗೆ ಕುಳಿತು ಉಣ್ಣುವುದರಿಂದ ಇದು ಹರಡದು. ರೇಜರ್, ಟೂತ್‌ಬ್ರಷ್ ಮಾತ್ರ ಬೇರೆಯಿರಲಿ.

ಕಾಮಾಲೆ ಕಾಣಿಸಿಕೊಳ್ಳಲೆಂದು ಕಾಯಬೇಡಿ. ಕರಾವಳಿಯಲ್ಲಿ ಕಣ್ಣು ಹಳದಿಯಾದೊಡನೆ ನಾಟಿ ಮದ್ದು, ಪಥ್ಯ ಹಿಡಿಯುವ ರೂಢಿಯಿದೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುವುದರಿಂದ ಮದ್ದಿನಿಂದಲೇ ಗುಣವಾಯಿತೆಂಬ ನಂಬಿಕೆ ಗಟ್ಟಿಯಾಗಿದೆ. ಹೆಪಟೈಟಿಸ್ ಸಿ ಹಾಗಲ್ಲ. ಬಹುಪಾಲು ಸೋಂಕಿತರಲ್ಲಿ ಅದು ಯಾವ ಲಕ್ಷಣವನ್ನೂ ತೋರದೆ ಹತ್ತಾರು ವರ್ಷ ಉಳಿದು, ಕೆಲವರಿಗೆ ಸಿರೋಸಿಸ್ಸನ್ನೂ (ಯಕೃತ್ತು ಗಾಯಗಟ್ಟಿ ಗಡುಸಾಗುವುದು) ಯಕೃತ್ತಿನ ಕ್ಯಾನ್ಸರನ್ನೂ ತರುತ್ತದೆ.

ಮೊದಲ ಪರೀಕ್ಷೆ ಪ್ರತಿಕಾಯದ್ದು, ಅಂದರೆ ವೈರಾಣುವಿನ ವಿರುದ್ಧ ದೇಹವೇ ತಯಾರಿಸುವ ರಕ್ಷಕ ಅಂಶದ್ದು (ಆಂಟಿಬಾಡಿ). ಅದು ಪಾಸಿಟಿವ್ ಎಂದರೆ ವೈರಾಣು ಎಂದೋ ಒಮ್ಮೆ ದೇಹವನ್ನು ಹೊಕ್ಕಿತ್ತೆಂದಷ್ಟೇ ಅರ್ಥ. ಸುಮಾರು ಕಾಲುಭಾಗ ಜನರಲ್ಲಿ ಅದು ಚಿಕಿತ್ಸೆಯಿಲ್ಲದೆಯೇ ಹೋಗಿರುತ್ತದೆ. ಈಗಲೂ ಇದೆಯೇ ಎಂಬುದನ್ನು ಹೇಳುವುದು ರಕ್ತದಲ್ಲಿ ವೈರಾಣುವನ್ನೇ ಹುಡುಕಿ ಅಳೆಯುವ ಆರ್‌ಎನ್‌ಎ ಪರೀಕ್ಷೆ, ಅಂದರೆ ವೈರಲ್ ಲೋಡ್. ಅನೇಕರು ಎಡವುವುದು ಇಲ್ಲಿಯೇ; ಆದ್ದರಿಂದ ಅದನ್ನು ನೀವೇ ಕೇಳಿ ಮಾಡಿಸಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಲ್ಲಿ ಈ ಕುರಿತು ವಿಚಾರಿಸಿ.

ವೈರಾಣು ಇದ್ದರೆ ಯಕೃತ್ತಿನ ಸ್ಥಿತಿಯನ್ನೂ ಹೆಪಟೈಟಿಸ್ ಬಿ ಇದೆಯೇ ಎಂಬುದನ್ನೂ ನೋಡಿದ ಬಳಿಕ ವೈದ್ಯರು ಮಾತ್ರೆ ಆರಂಭಿಸುತ್ತಾರೆ. ಹಿಂದಿನ ಇಂಟರ್‌ಫೆರಾನ್ ಚುಚ್ಚುಮದ್ದಿನ ಯಾತನೆಯನ್ನು ಕಂಡು ಹೆದರಿದವರಿಗೆ ಇದನ್ನು ಒತ್ತಿ ಹೇಳಬೇಕು: ಈಗ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ಸಾಕು, ನೂರಕ್ಕೆ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಕ್ಷಯ, ಅಪಸ್ಮಾರ, ಅಸಿಡಿಟಿಗೆ ಔಷಧ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ.

ಮಾತ್ರೆ ಮುಗಿದು 12 ವಾರಗಳಾದ ಮೇಲೆ ಮತ್ತೆ ಆರ್‌ಎನ್‌ಎ ಪರೀಕ್ಷೆ ಮಾಡಿಸಿ. ಗುಣವಾದ ಬಳಿಕವೂ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಎಂದೇ ತೋರಿಸುತ್ತಿರುವುದರಿಂದ ಈ ಕೊನೆಯ ರಿಪೋರ್ಟನ್ನು ಜೋಪಾನವಾಗಿಟ್ಟುಕೊಳ್ಳಿ.