ಹೊಸದೇನೇ ತನ್ನಿ, ಮೊದಲು ಮೊಣಕೈ ಮಡಿಕೆಗೆ ಹಚ್ಚಿ

ಹೋದ ತಿಂಗಳು ಒಂದು ಭಾನುವಾರ ಮೊಮ್ಮಗಳು ಬಚ್ಚಲುಮನೆಯಿಂದ ಆಚೆ ಬಂದಾಗ ಕೆನ್ನೆ ಎರಡೂ ಕೆಂಡದ ಹಾಗಾಗಿದ್ದವು. ಏನು ಹಚ್ಚಿಕೊಂಡೆ ಅಂದರೆ ನಿಂಬೆರಸ, ಅಡುಗೆ ಸೋಡಾ, ಜೇನುತುಪ್ಪ ಅಂದಳು. ರೀಲ್‌ನಲ್ಲಿ ನೋಡಿದ್ದಂತೆ, ಲಕ್ಷಗಟ್ಟಲೆ ಲೈಕ್ ಬಂದಿತ್ತಂತೆ. ಲೈಕ್ ಒತ್ತಿದವರಲ್ಲಿ ಒಬ್ಬರಾದರೂ ಬಂದು ಅವಳ ಮುಖಕ್ಕೆ ತಣ್ಣೀರು ಹಾಕಿದರಾ? ನಾನೇ ಹಾಕಬೇಕಾಯಿತು. ಅಕ್ಕನ ಸೊಸೆ, ಎದುರುಮನೆ ಹುಡುಗಿ, ಈಗ ಇವಳು, ಎಲ್ಲರದ್ದೂ ಒಂದೇ ತಪ್ಪು. ಎಲ್ಲೋ ನೋಡುತ್ತಾರೆ, ಅವತ್ತೇ ಆರ್ಡರ್ ಮಾಡುತ್ತಾರೆ, ಡಬ್ಬ ಬಂದ ಕೂಡಲೇ ನೇರವಾಗಿ ಮುಖಕ್ಕೇ ಬಳಿದುಕೊಳ್ಳುತ್ತಾರೆ.

ಹೊಸ ಕಾಟನ್ ಸೀರೆ ತಂದರೆ ನಾವು ಏನು ಮಾಡುತ್ತೇವೆ? ಸೀದಾ ಬಕೆಟ್‌ಗೆ ಹಾಕುತ್ತೇವಾ? ಸೆರಗಿನ ಒಳಮಗ್ಗುಲಿನ ತುದಿಯನ್ನು ಸ್ವಲ್ಪ ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡುತ್ತೇವೆ. ಬಣ್ಣ ಹತ್ತಿದರೆ ಆ ಸೀರೆಗೆ ಬೇರೆ ಬಕೆಟ್. (ಇದನ್ನೂ ಈಗ ಯಾರೂ ಮಾಡುತ್ತಿಲ್ಲ. ಎಲ್ಲ ಒಟ್ಟಿಗೆ ಮಷೀನಿಗೆ ತುರುಕಿ, ಆಮೇಲೆ ಗಂಡನ ಬಿಳಿ ಪಂಚೆ ಗುಲಾಬಿ ಆಯಿತು ಅಂತ ನನಗೆ ಫೋನ್ ಮಾಡುತ್ತಾರೆ.) ಸೀರೆಗೆ ತೋರಿಸುವ ಜಾಗ್ರತೆಯನ್ನು ಮುಖಕ್ಕೂ ತೋರಿಸಿ ಅನ್ನುವುದಷ್ಟೇ ನನ್ನ ಮಾತು.

ನಿಂಬೆಹಣ್ಣಿನ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ, ಅನುಭವಿಸಿದ್ದೇನೆ. ಹದಿನೈದು ವರ್ಷದ ಕೆಳಗೆ ಒಂದು ಏಪ್ರಿಲ್‌ನಲ್ಲಿ ಉಪ್ಪಿನಕಾಯಿಗೆ ಅಂತ ನೂರು ನಿಂಬೆಹಣ್ಣು ತರಿಸಿದ್ದೆ. ಅರ್ಧ ಹೋಳು ಮಾಡಿ, ಅರ್ಧ ರಸ ಹಿಂಡಿ, ಕೈ ಸರಿಯಾಗಿ ತೊಳೆಯದೆ ಮಹಡಿಗೆ ಹೋಗಿ ಸಂಡಿಗೆ ಇಡುತ್ತಾ ಕೂತೆ. ಮಟಮಟ ಮಧ್ಯಾಹ್ನ. ಮರುದಿನ ರಾತ್ರಿ ಕೈ ಉರಿ. ಅದರ ಮರುದಿನ ಬೊಬ್ಬೆ. ಆಮೇಲೆ ಮುಂಗೈ ಮೇಲೆ, ರಸ ಹರಿದ ದಾರಿಯಲ್ಲೇ, ಯಾರೋ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು ಗೆರೆಗಳು ಮೂಡಿದವು. ದೀಪಾವಳಿ ಹೊತ್ತಿಗೆ ಮಾಯವಾದವು. ನಿಂಬೆಯಲ್ಲಿ ಫ್ಯೂರೊಕೌಮರಿನ್ ಅಂತ ಒಂದು ವಸ್ತು ಇರುತ್ತದೆ, ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಹಾಗೆ ಆಗುತ್ತದೆ ಅಂತ ಚರ್ಮದ ಡಾಕ್ಟರು ಆಗ ಹೇಳಿದರು. ಮುಂಗೈ ಆದ್ದರಿಂದ ಸರಿಹೋಯಿತು. ಅದನ್ನೇ ಮುಖಕ್ಕೆ ಹಚ್ಚಿಕೊಂಡು ಸ್ಕೂಟರ್ ಹತ್ತಿ ಕಾಲೇಜಿಗೆ ಹೋಗುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

ಸೋಡಾ ಸೇರಿಸಿದರೆ ಸರಿಹೋಗುತ್ತದೆ ಅಂತ ಬೇರೆ ವಾದ. ಹುಳಿಯೋ ಕ್ಷಾರವೋ ಅಂತ ಅಳೆಯುವ ಪಿಎಚ್ ಲೆಕ್ಕದಲ್ಲಿ ನಮ್ಮ ಚರ್ಮದ್ದು ಸುಮಾರು 5, ಅಂದರೆ ತುಸು ಹುಳಿ. ನಿಂಬೆರಸದ್ದು 2ರ ಹತ್ತಿರ, ತೀರಾ ಹುಳಿ. ಸೋಡಾ 8ರ ಮೇಲೆ, ಆ ಕಡೆಯ ಕ್ಷಾರ. ಎರಡನ್ನೂ ಬೆರೆಸಿದರೆ ಬುಸ್ಸಂತ ನೊರೆ ಬರುತ್ತದೆ, ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅಳತೆಯಿಲ್ಲದೆ ಬೆರೆಸಿದಾಗ ಯಾವುದು ಜಾಸ್ತಿಯಾಯಿತೋ ಅದು ಮುಖದ ಮೇಲೆ ಕೂತು ಉರಿಸುತ್ತದೆ.

ಹೊಸತಕ್ಕೆ ಮರುಳಾಗುವುದು ಈಗಿನವರು ಮಾತ್ರ ಅಂತ ಹೇಳುತ್ತಿಲ್ಲ. ನಾವು ಹುಡುಗಿಯರಾಗಿದ್ದಾಗ ಸ್ಟಿಕರ್ ಬೊಟ್ಟು ಬಂತು. ಕುಂಕುಮ ಬೆವರಿಗೆ ಇಳಿಯುತ್ತದೆ, ಇದು ಇಟ್ಟಲ್ಲೇ ಇರುತ್ತದೆ ಅಂತ ಎಲ್ಲರಿಗೂ ಖುಷಿ. ನಮ್ಮ ಚಿಕ್ಕಮ್ಮ ರಾತ್ರಿಯೂ ತೆಗೆಯುತ್ತಿರಲಿಲ್ಲ. ಮೊದಲು ನವೆ, ಆಮೇಲೆ ಹಣೆಯ ಮೇಲೆ ಬೊಟ್ಟಿನಷ್ಟೇ ಅಗಲದ ಬಿಳಿ ಕಲೆ. ಕೆಲವು ಬೊಟ್ಟುಗಳ ಅಂಟಿನಲ್ಲಿದ್ದ ಒಂದು ರಾಸಾಯನಿಕ ಚರ್ಮದ ಬಣ್ಣವನ್ನೇ ತಿಂದುಹಾಕುತ್ತದೆ ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಪಾಪ, ಆ ಕಲೆ ಹೋಗಲೇ ಇಲ್ಲ. ಕೊನೆಯವರೆಗೂ ಅದರ ಮೇಲೇ ದೊಡ್ಡದಾಗಿ ಕುಂಕುಮ ಇಡುತ್ತಿದ್ದರು. ಮೊದಲ ನವೆ ಬಂದಾಗಲೇ ನಿಲ್ಲಿಸಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಅದಕ್ಕೇ ಮೊಣಕೈ. ಕೂಸಿಗೆ ನೀರು ಹಾಕುವ ಮುಂಚೆ ನಮ್ಮಮ್ಮ ಹಂಡೆ ನೀರಿಗೆ ಬೆರಳು ಅದ್ದುತ್ತಿರಲಿಲ್ಲ, ಮೊಣಕೈ ಅದ್ದುತ್ತಿದ್ದರು. ಪಾತ್ರೆ ತೊಳೆದು ಒಲೆ ಮುಂದೆ ಕೂತು ಬೆರಳು ದಡ್ಡುಗಟ್ಟಿರುತ್ತದೆ, ಅದಕ್ಕೆ ಏನೂ ತಿಳಿಯದು. ಮೊಣಕೈ ಒಳಗಿನ ಮಡಿಕೆಯ ಚರ್ಮ ತೆಳು, ಬೇಗ ಹೇಳುತ್ತದೆ. ಚರ್ಮದ ಡಾಕ್ಟರುಗಳು ಹೇಳುವುದೂ ಇದೇ ಜಾಗ.

ಮಾಡುವ ಕ್ರಮ ಹೇಳುತ್ತೇನೆ, ಒಂದನ್ನೂ ಬಿಡಬೇಡಿ. ಎಡಗೈ ಮಡಿಕೆಯಲ್ಲಿ ಬಾಲ್‌ಪೆನ್ನಿನಿಂದ ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಸುತ್ತು ಹಾಕಿ. ಸುತ್ತು ಯಾಕೆ ಅಂದರೆ, ಇಲ್ಲದಿದ್ದರೆ ನಾಳೆ ಎಲ್ಲಿ ಹಚ್ಚಿದೆ ಅಂತಲೇ ಮರೆಯುತ್ತೀರಿ. ಸ್ನಾನಕ್ಕೆ ಅಳಿಸಿಹೋದರೆ ಮತ್ತೆ ಹಾಕಿ. ಹೊಸ ಕ್ರೀಮನ್ನೋ ಸೀರಮ್ಮನ್ನೋ ಮುಖಕ್ಕೆ ಎಷ್ಟು ದಪ್ಪ ಹಚ್ಚುತ್ತೀರೋ ಅಷ್ಟೇ ದಪ್ಪ ಆ ಸುತ್ತಿನೊಳಗೆ ಹಚ್ಚಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಏಳರಿಂದ ಹತ್ತು ದಿನ. ಹೌದು, ಹತ್ತು ದಿನ. ಅರ್ಧ ಗಂಟೆ ಬಿಟ್ಟು ನೋಡಿ ಏನೂ ಆಗಲಿಲ್ಲ ಅನ್ನುವುದು ಪರೀಕ್ಷೆಯೇ ಅಲ್ಲ. ಉರಿ ಅವತ್ತೇ ಕಾಣಬಹುದು, ಅಲರ್ಜಿ ಹಾಗಲ್ಲ, ಎರಡು ಮೂರು ದಿನ ಸುಮ್ಮನಿದ್ದು ಆಮೇಲೆ ಏಳುತ್ತದೆ. ಮುಖ ತೊಳೆಯುವ ಜೆಲ್, ಪ್ಯಾಕ್ ಥರದ್ದಾದರೆ ಮುಖದ ಮೇಲೆ ಎಷ್ಟು ಹೊತ್ತು ಬಿಡುತ್ತೀರೋ ಅಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಆ ಜಾಗವನ್ನು ಸ್ನಾನದಲ್ಲಿ ಉಜ್ಜುವ ನಾರಿನಿಂದ ತಿಕ್ಕಬೇಡಿ. ಬಲಗೈ ಮಡಿಕೆಗೆ ಏನೂ ಹಚ್ಚಬೇಡಿ, ಎಡಗೈಯನ್ನು ಅದರ ಪಕ್ಕ ಹಿಡಿದು ನೋಡುವುದಕ್ಕೆ ಬೇಕು. ನೋಡುವಾಗ ಟ್ಯೂಬ್‌ಲೈಟ್ ಕೆಳಗಲ್ಲ, ಬೆಳಿಗ್ಗೆ ಕಿಟಕಿ ಹತ್ತಿರ. ಕಣ್ಣಿಗೆ ಕಾಣದ ತರಿ ಬೆರಳಿನ ಹಿಂಭಾಗಕ್ಕೆ ಸಿಗುತ್ತದೆ, ಹಾಗೆ ಸವರಿಯೂ ನೋಡಿ. ನಾನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಗುರುತು ಹಾಕುತ್ತೇನೆ, ಹಾಲು ಅರ್ಧ ಲೀಟರ್ ಅಂತ ಬರೆದ ಪಕ್ಕದಲ್ಲಿ "ಕೈ ಸರಿ" ಅಂತ. ಒಂದು ಸಲಕ್ಕೆ ಒಂದೇ ಸಾಮಾನು. ಮೂರು ಸೀರಮ್ ಒಟ್ಟಿಗೆ ಶುರು ಮಾಡಿ ಆಮೇಲೆ ಯಾವುದರಿಂದ ಆಯಿತು ಅಂತ ನನ್ನನ್ನು ಕೇಳಿದರೆ ನಾನೇನು ಶಾಸ್ತ್ರ ಹೇಳಲಾ?

ಹತ್ತು ದಿನ ಚೆನ್ನಾಗಿದ್ದರೆ ದವಡೆ ಕೆಳಗೆ, ಕಿವಿ ಹತ್ತಿರ ಎರಡು ಮೂರು ದಿನ. ಆಮೇಲೆ ಮುಖ. ಮಧ್ಯೆ ಎಲ್ಲಾದರೂ ನವೆ, ಕೆಂಪು, ಊತ ಬಂದರೆ ನೀರಿನಿಂದ ತೊಳೆದು ನಿಲ್ಲಿಸಿ. ಅದರ ಮೇಲೆ ಅರಿಶಿನ, ಟೂತ್‌ಪೇಸ್ಟ್ ಅಂತ ಇನ್ನೊಂದು ಪ್ರಯೋಗ ಬೇಡ. ತುಟಿ ಊದಿದರೆ, ಉಸಿರು ಕಟ್ಟಿದರೆ ಯೋಚನೆ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಮದುವೆ, ನಿಶ್ಚಿತಾರ್ಥ ಹದಿನೈದು ದಿನ ಇದೆ ಅನ್ನುವಾಗ ಹೊಸದನ್ನು ಮುಟ್ಟಲೇಬೇಡಿ.

ಇದೇ ಮದುವೆ ಮಾತಿನಲ್ಲಿ ಮೆಹಂದಿ ಬಗ್ಗೆಯೂ ಹೇಳಿಬಿಡುತ್ತೇನೆ. ಗೋರಂಟಿ ಸೊಪ್ಪು ಅರೆದು ಹಚ್ಚಿದರೆ ಕಿತ್ತಳೆ ಕೆಂಪು ಬರುತ್ತದೆ, ಅದಕ್ಕೂ ಒಂದು ರಾತ್ರಿ ಬೇಕು. ಅರ್ಧ ಗಂಟೆಯಲ್ಲಿ ಕಪ್ಪಗೆ ಹತ್ತುವ ಕೋನ್ ಇದೆಯಲ್ಲ, ಅದರಲ್ಲಿ ಸಾಮಾನ್ಯವಾಗಿ ತಲೆಗೆ ಹಾಕುವ ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಬೆರೆಸಿರುತ್ತಾರೆ. ಬೊಬ್ಬೆ ಏಳುತ್ತದೆ. ಒಮ್ಮೆ ಅದಕ್ಕೆ ಅಲರ್ಜಿಯಾದರೆ ಮುಂದೆ ತಲೆಗೆ ಡೈ ಹಾಕುವಾಗಲೂ ಕಾಡುತ್ತದೆ.

ಆದರೆ ಮೊಣಕೈ ಎಲ್ಲವನ್ನೂ ಹಿಡಿಯುವುದಿಲ್ಲ, ಅದನ್ನೂ ಹೇಳಬೇಕು. ಮುಖ್ಯವಾಗಿ ಎರಡನ್ನು. ಒಂದು ಸ್ಟಿರಾಯ್ಡ್, ಇನ್ನೊಂದು ಪಾದರಸ. ಎರಡೂ ಮೊದಲ ವಾರ ಚೆನ್ನಾಗಿಯೇ ಕಾಣುತ್ತವೆ, ಅದೇ ಮೋಸ. ಏಳು ದಿನಕ್ಕೆ ಬಿಳುಪು ಅಂದರೆ ನನಗೆ ಕೂಡಲೇ ಅನುಮಾನ. ಮೆಡಿಕಲ್ ಶಾಪಿನಲ್ಲಿ ಕೊಡುವ ಟ್ಯೂಬ್ ತಿರುಗಿಸಿ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಡಾಕ್ಟರು ಒಂದು ಕಾಯಿಲೆಗೆ, ಇಷ್ಟೇ ದಿನ ಅಂತ ಬರೆದುಕೊಡುವ ಔಷಧಿ ಅದು. 2018ರಲ್ಲಿ ಸರ್ಕಾರ ಇಂಥ ಹದಿನಾಲ್ಕು ಸ್ಟಿರಾಯ್ಡ್ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಪಕ್ಕದ ಮನೆಯವಳು ಹೇಳಿದಳು ಅಂತ ತಂದು ತಿಂಗಳುಗಟ್ಟಲೆ ಫೇಸ್ ಕ್ರೀಮ್ ಥರ ಹಚ್ಚುವವರಿದ್ದಾರೆ. ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿ, ಹಚ್ಚಿದರೆ ಸಮಾಧಾನ. ಹಾಗಾಗಿದ್ದರೆ ಡಾಕ್ಟರ ಹತ್ತಿರ ಹೋಗಿ, ಬಿಡಿಸುವ ದಾರಿ ಅವರಿಗೆ ಗೊತ್ತಿರುತ್ತದೆ.

ಪಾದರಸದ್ದು ಇನ್ನೂ ಭಯ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಕಿಡ್ನಿ ತೊಂದರೆ ಅಂತ ಬಂದ ಕೆಲವರನ್ನು ಡಾಕ್ಟರುಗಳು ವಿಚಾರಿಸುತ್ತಾ ಹೋದಾಗ ಹೆಚ್ಚಿನವರು ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದುದು ಗೊತ್ತಾಯಿತು, ಪರೀಕ್ಷೆ ಮಾಡಿಸಿದರೆ ಪಾದರಸ. ಹಚ್ಚಿದ್ದು ಕೆನ್ನೆಗೆ, ಹಾಳಾದದ್ದು ಕಿಡ್ನಿ. ಅದಕ್ಕೇ ಡಬ್ಬದ ಮೇಲೆ ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೇನಿದೆ ಅನ್ನುವ ಪಟ್ಟಿ, ಯಾವಾಗಿನವರೆಗೆ ಬಳಸಬಹುದು ಅನ್ನುವುದು ಇರಲೇಬೇಕು. ಹೊರದೇಶದ್ದಾದರೆ ತರಿಸಿದವರ ಹೆಸರು, ನೋಂದಣಿ ಸಂಖ್ಯೆ ಇರಬೇಕು. ಇವಿಲ್ಲದ ಡಬ್ಬ ಎಷ್ಟೇ ಚಂದ ಇದ್ದರೂ ಕಸದ ಬುಟ್ಟಿಗೆ. ವಿಡಿಯೊದ ಮೂಲೆಯಲ್ಲಿ ಜಾಹೀರಾತು ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ಅಂತಲೂ ನೋಡಿ. ದುಡ್ಡು ತೆಗೆದುಕೊಂಡಿದ್ದರೆ ಹಾಗೆ ಹಾಕಬೇಕು ಅಂತ 2021ರಿಂದ ನಿಯಮ ಇದೆ. ಹಾಕದೇ ಹೊಗಳುವವರೂ ಇದ್ದಾರೆ.

ಎಲ್ಲವನ್ನೂ ಬೈಯುತ್ತೇನೆ ಅಂದುಕೊಳ್ಳಬೇಡಿ. ಅಕ್ಕಚ್ಚು ಮುಖಕ್ಕೆ ಒಳ್ಳೆಯದು ಅಂತ ಈಗ ಬಾಟಲಿಯಲ್ಲಿ ಮಾರುತ್ತಾರೆ, ನಾವು ಅದನ್ನು ಕಲಗಚ್ಚಿಗೆ ಸುರಿದು ಹಸುವಿಗೆ ಇಡುತ್ತಿದ್ದೆವು. ತಾಜಾ ಅಕ್ಕಚ್ಚಿನಲ್ಲಿ ಮುಖ ತೊಳೆದರೆ ನಷ್ಟವಿಲ್ಲ, ಹೇಳಿಕೊಳ್ಳುವ ಲಾಭವೂ ನನಗೆ ಕಂಡಿಲ್ಲ. ಲೋಳೆಸರ ಹಚ್ಚುವುದಾದರೆ ಕತ್ತರಿಸಿದ ಎಲೆಯನ್ನು ಲೋಟದಲ್ಲಿ ನಿಲ್ಲಿಸಿ ಆ ಹಳದಿ ರಸವೆಲ್ಲ ಇಳಿಯಲು ಬಿಡಿ, ನವೆ ಹೆಚ್ಚಾಗಿ ಆಗುವುದು ಅದರಿಂದ. ಪೆಟ್ರೋಲಿಯಂ ಜೆಲ್ಲಿ ರಾತ್ರಿ ಹಿಮ್ಮಡಿಗೆ, ಒಣ ಕೈಗೆ ಬಹಳ ಒಳ್ಳೆಯದು, ಮೊಡವೆ ಮುಖಕ್ಕೆ ಮೆತ್ತಬೇಡಿ. ರೆಟಿನಾಲ್ ಹನ್ನೆರಡು ವರ್ಷದ ಹುಡುಗಿಗೆ ಯಾಕೆ ಬೇಕು ಹೇಳಿ? ಅವಳ ಕೆನ್ನೆಯಲ್ಲಿ ಯಾವ ಸುಕ್ಕಿದೆ? ಬಸುರಿಯರು, ಬಸುರಾಗಬೇಕು ಅಂತ ಇರುವವರು ಅದನ್ನು ದೂರ ಇಡಬೇಕು. ಮನೆಯಲ್ಲಿ ಸೂಜಿ ರೋಲರ್ ಉರುಳಿಸುವುದು, ಮಚ್ಚೆಗೆ ಸುಣ್ಣ ಹಚ್ಚುವುದು, ಎರಡೂ ಬೇಡವೇ ಬೇಡ.

ಸನ್‌ಸ್ಕ್ರೀನ್ ಮಾತ್ರ ನಾನೇ ತಡವಾಗಿ ಕಲಿತ ಒಳ್ಳೆಯ ಅಭ್ಯಾಸ. ನನ್ನ ಕೆನ್ನೆಯ ಬಂಗು ಇನ್ನಷ್ಟು ಕಪ್ಪಾಗದೆ ನಿಂತದ್ದು ಅದನ್ನು ಬಿಡದೆ ಹಚ್ಚಲು ಶುರು ಮಾಡಿದ ಮೇಲೆ. ಎಸ್‌ಪಿಎಫ್ 30 ಇದ್ದರೆ ಸಾಕು, ಅದು ಸುಡುವ ಕಿರಣವನ್ನು ಶೇಕಡಾ 97ರಷ್ಟು ತಡೆಯುತ್ತದೆ, 50ರದ್ದು 98. ಆ ಒಂದಕ್ಕಾಗಿ ಎರಡರಷ್ಟು ದುಡ್ಡು ಕೊಡಬೇಡಿ. ಆದರೆ ಕಡಲೆಕಾಳಿನಷ್ಟು ಹಚ್ಚಿದರೆ ಪ್ರಯೋಜನವಿಲ್ಲ, ತೋರುಬೆರಳು ಮತ್ತು ಮಧ್ಯದ ಬೆರಳು ಎರಡರ ಉದ್ದಕ್ಕೂ ಹಿಂಡಿ ಮುಖಕ್ಕೂ ಕತ್ತಿಗೂ ಹಚ್ಚಬೇಕು. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕೊಬ್ಬರಿ ಎಣ್ಣೆಯೇ ಸನ್‌ಸ್ಕ್ರೀನ್ ಅನ್ನುವವರ ಮಾತು ಕೇಳಬೇಡಿ, ಅದು ತಲೆಗೆ ಒಳ್ಳೆಯದು.

ಮೊಮ್ಮಗಳ ಕೆನ್ನೆ ಈಗ ಆರಿದೆ, ಒಂದು ವಾರ ಬರೀ ನೀರು, ಮಾಯಿಶ್ಚರೈಸರ್ ಅಷ್ಟೇ. ಅವಳು ತರಿಸಿದ್ದ ವಿಟಮಿನ್ ಸಿ ಸೀರಮ್ ನನ್ನ ಬೀರುವಿನಲ್ಲಿದೆ. ಬೆಳಿಗ್ಗೆ ಕಾಫಿಗೆ ಬಂದಾಗ ಎಡಗೈ ಮುಂದೆ ಚಾಚುತ್ತಾಳೆ, ನಾನು ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ಕರೆದು ನೋಡುತ್ತೇನೆ. ಇವತ್ತಿಗೆ ಆರು ದಿನ, ಸುತ್ತಿನೊಳಗೆ ಏನೂ ಇಲ್ಲ. ಇನ್ನು ನಾಲ್ಕು ದಿನ ಇದೆ ಕಣಮ್ಮಾ ಅಂದಿದ್ದೇನೆ.