ಸಾವಿನ ಸುತ್ತ ತಮಾಷೆ ಇರುವ ಸಿನಿಮಾ: ಹದಿಹರೆಯದ ಮಕ್ಕಳಿಗೆ ತೋರಿಸಬಹುದಾ?

ಮೊದಲು ಸಿನಿಮಾದ ಸೆನ್ಸಾರ್ ಸರ್ಟಿಫಿಕೇಟ್ ನೋಡಿ. 2024ರ ನಿಯಮದಿಂದ ಯುಎ (ಮಕ್ಕಳಿಗೆ ತೋರಿಸಬಹುದಾ ಅಂತ ಹೆತ್ತವರು ನೋಡಿ ತೀರ್ಮಾನಿಸಬೇಕಾದ ಸಿನಿಮಾ) ಒಳಗೇ ವಯಸ್ಸಿನ ಪ್ರಕಾರ 7+, 13+, 16+ ಅಂತ ಮೂರು ಭಾಗ ಇವೆ. ‘ಎ’ ಇದ್ದರೆ 18 ತುಂಬದವರಿಗೆ ಥಿಯೇಟರ್‌ಗೆ ಪ್ರವೇಶವೇ ಇಲ್ಲ. ಆದರೆ ಸಾವು-ನೋವನ್ನೇ ತಮಾಷೆ ಮಾಡುವ ಇಂಥ ಡಾರ್ಕ್ ಕಾಮಿಡಿಗೆ ಇಷ್ಟೇ ಸಾಲದು. ರಕ್ತ ಎಷ್ಟಿದೆ ಅನ್ನೋದಕ್ಕಿಂತ ಸಿನಿಮಾ ಯಾರನ್ನು ನೋಡಿ ನಗಿಸುತ್ತದೆ ಅನ್ನೋದು ಮುಖ್ಯ, ಕೊಂದವನ ಪೆದ್ದುತನಕ್ಕೆ ನಗುವುದು ಬೇರೆ, ಸತ್ತವರ ಮನೆಯವರ ಅಳುವಿಗೆ ನಗುವುದು ಬೇರೆ ಅಲ್ವಾ? ಆತ್ಮಹತ್ಯೆಯನ್ನೇ ತಮಾಷೆ ಮಾಡಿದ್ದರೆ ನಾನಂತೂ ಬೇಡ ಅಂತೀನಿ, ಅದರಲ್ಲೂ ಹತ್ತನೇ ಕ್ಲಾಸ್, ಪಿಯುಸಿ ರಿಸಲ್ಟ್ ಬರುವ ಹೊತ್ತಿನಲ್ಲಿ. ನಮ್ಮ ಕಲಬುರಗಿ ಮಕ್ಕಳಿಗೆ ಹಿಂದಿ ಬೈಗುಳ ಚೆನ್ನಾಗೇ ಅರ್ಥ ಆಗುತ್ತವೆ, ಬೇರೆ ಭಾಷೆ ಅಂತ ಸುಮ್ನೆ ಬಿಡಬೇಡಿ. ಟ್ರೇಲರ್ ನಂಬಬೇಡಿ. ಅನುಮಾನ ಇದ್ದರೆ ಮೊದಲು ನೀವೇ ಪೂರ್ತಿ ನೋಡಿ, ಆಮೇಲೆ ಮಕ್ಕಳ ಜೊತೆ ಕೂತು ನೋಡಿ. ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದರೆ ಸದ್ಯಕ್ಕೆ ಬೇಡವೇ ಬೇಡ.