ಇಬ್ಬರು ಕಂಟ್ರಾಕ್ಟರ್‌ಗಳ ಕೆಲಸ ಹೋಲಿಸಿ ನೋಡುವುದು ಹೇಗೆ?

ಮನೆ ಕಟ್ಟಿಸುವವರು ಇಬ್ಬರನ್ನು ಕರೆದು ಚದರಕ್ಕೆ ಎಷ್ಟು ಅಂತ ಕೇಳುತ್ತಾರೆ. ಕಡಿಮೆ ಹೇಳಿದವರಿಗೆ ಕೆಲಸ ಕೊಟ್ಟುಬಿಡುತ್ತಾರೆ. ಹೆಚ್ಚೆಂದರೆ, ಅವರು ಮುಗಿಸಿದ ಒಂದು ಮನೆ ನೋಡಿ ಬರುತ್ತಾರೆ. ಬಣ್ಣ ಬಳಿದ ಮೇಲೆ ಏನು ಕಾಣುತ್ತದೆ? ನಮ್ಮ ಅಕ್ಕನೂ ಹಾಗೇ ಮಾಡಿದಳು. ಐದನೇ ಮಳೆಗಾಲಕ್ಕೆ ಅಡುಗೆಮನೆ ತಾರಸಿಯ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣಿಸಿತು. ಆದ್ದರಿಂದ ಇಬ್ಬರದೂ ನಡೆಯುತ್ತಿರುವ ಕೆಲಸವನ್ನೇ ನೋಡಿ.

ಹಂತ 1: ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕುವ ದಿನ ಕೇಳಿಕೊಂಡು, ಮಿಕ್ಸರ್ ಶುರುವಾಗುವ ಮೊದಲೇ ಹೋಗಿ.

ಹಂತ 2: ಸಿಮೆಂಟ್ ಮೂಟೆಗಳು ಹಲಗೆ ಮೇಲೆ, ಗೋಡೆಯಿಂದ ದೂರ ಇರಬೇಕು. ಹತ್ತಕ್ಕಿಂತ ಜಾಸ್ತಿ ಪೇರಿಸಿರಬಾರದು. 3 ತಿಂಗಳು ದಾಟಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಬಾರದು.

ಹಂತ 3: ಬಗ್ಗಿ ಕಂಬಿಯ ಕೆಳಗೆ ನೋಡಿ. ತಾರಸಿಗೆ ಕನಿಷ್ಠ 20 ಮಿ.ಮೀ., ತೊಲೆಗೆ 25 ಮಿ.ಮೀ. ಕವರ್ ಬ್ಲಾಕ್, ಅಂದರೆ ಕಂಬಿಯನ್ನು ಕೆಳಗಿನ ಸೆಂಟ್ರಿಂಗ್ ಶೀಟಿನಿಂದ ಎತ್ತಿ ಹಿಡಿಯುವ ಬಿಲ್ಲೆ, ಇರಬೇಕು. ಕೆಲವರು ಜಲ್ಲಿ ಚೂರು ಸಿಕ್ಕಿಸುತ್ತಾರೆ. ಜನ ಓಡಾಡಿದ ಕೂಡಲೇ ಅದು ಜಾರಿ ಕಂಬಿ ಶೀಟಿಗೆ ಅಂಟಿ ಕೂರುತ್ತದೆ. ಅಕ್ಕನ ಮನೆಯಲ್ಲಿ ಆಗಿದ್ದೂ ಇದೇ.

ಹಂತ 4: ಈಗ ಮಿಕ್ಸರ್ ಪಕ್ಕ ಒಂದು ಗಂಟೆ ನಿಂತುಕೊಳ್ಳಿ. ಜನ ಎಡವುವುದು ಇಲ್ಲೇ, ಏಕೆಂದರೆ ಎಲ್ಲರೂ ಸಿಮೆಂಟ್ ಮೂಟೆ ಎಣಿಸುತ್ತಾರೆ, ನೀರನ್ನು ಯಾರೂ ನೋಡುವುದಿಲ್ಲ. ಮನೆಗಳಿಗೆ ಸಾಮಾನ್ಯವಾಗಿ ಬಳಸುವ ಎಂ20 ದರ್ಜೆಯ ಕಾಂಕ್ರೀಟಿಗೆ 50 ಕೆ.ಜಿ. ಮೂಟೆಗೆ ಹೆಚ್ಚೆಂದರೆ 30 ಲೀಟರ್ ನೀರು. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಒಂದು ಕಡೆ ಬಕೆಟ್‌ನಲ್ಲಿ ಅಳೆದು ಹಾಕುತ್ತಿರುತ್ತಾರೆ, ಇನ್ನೊಂದು ಕಡೆ ಪೈಪನ್ನೇ ಡ್ರಮ್ಮಿಗೆ ಬಿಟ್ಟಿರುತ್ತಾರೆ. ನೀರು ಜಾಸ್ತಿಯಾದರೆ ಹರಡುವುದು ಸುಲಭ, ಅದಕ್ಕೇ ಕೆಲಸದವರು ಸುರಿಯುತ್ತಾರೆ. ಆ ಹೆಚ್ಚಿನ ನೀರು ಆರಿದ ಮೇಲೆ ಒಳಗೆ ಸಣ್ಣ ಸಣ್ಣ ತೂತು ಉಳಿಯುತ್ತದೆ. ಮಳೆನೀರು ಅದರಲ್ಲೇ ಇಳಿದು ಕಂಬಿ ಮುಟ್ಟುತ್ತದೆ. ಬಾಂಡ್ಲಿಯಿಂದ ಸುರಿದಾಗ ಕಾಂಕ್ರೀಟ್ ಮುದ್ದೆಯಾಗಿ ಜಾರಬೇಕು. ಗಂಜಿಯಂತೆ ಹರಿದು ಜಲ್ಲಿ ಒಂದು ಕಡೆ, ಸಿಮೆಂಟ್ ಹಾಲು ಒಂದು ಕಡೆ ಆದರೆ ಆ ಕಂಟ್ರಾಕ್ಟರ್ ಬೇಡ. “ವಾಟರ್‌ಪ್ರೂಫ್ ಪೌಡರ್ ಹಾಕ್ತೀವಿ ಸಾರ್, ಏನೂ ಆಗಲ್ಲ” ಅಂದರೆ ನಂಬಬೇಡಿ. ನೀರು ಜಾಸ್ತಿಯಾದ ಕಾಂಕ್ರೀಟನ್ನು ಯಾವ ಪೌಡರೂ ಗಟ್ಟಿ ಮಾಡುವುದಿಲ್ಲ. ಕಾಂಕ್ರೀಟನ್ನು ಅದುರಿಸಿ ಒತ್ತಾಗಿ ಕೂರಿಸುವ ವೈಬ್ರೇಟರ್ ಎರಡು ಇವೆಯಾ ನೋಡಿ. ಒಂದೇ ಇದ್ದು ಅದು ನಡುವೆ ಕೆಟ್ಟರೆ ಕೋಲಿನಲ್ಲಿ ಚುಚ್ಚಿ ಮುಗಿಸುತ್ತಾರೆ.

ಹಂತ 5: ನಾಲ್ಕು ದಿನ ಬಿಟ್ಟು, ಹೇಳದೆ, ಮಧ್ಯಾಹ್ನ 2 ಗಂಟೆಗೆ ಹೋಗಿ ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು) ನೋಡಿ. ಬೆಳಗ್ಗೆ ಎಲ್ಲರ ಕೆಲಸವೂ ಒದ್ದೆಯಾಗಿಯೇ ಇರುತ್ತದೆ. ತಾರಸಿ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರಾ? ಕಂಬಗಳ ಗೋಣಿಚೀಲ ಹಿಂಡಿ ನೋಡಿ, ನೀರು ತೊಟ್ಟಿಕ್ಕಬೇಕು. ಓಪಿಸಿ (ಸಾದಾ) ಸಿಮೆಂಟಾದರೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆಸಿದ್ದು) ಆದರೆ 10 ದಿನ ಹೀಗೇ ಇಡಬೇಕು. ಯಾವುದು ಅಂತ ಚೀಲದ ಮೇಲೇ ಬರೆದಿರುತ್ತದೆ. ನಾನಂತೂ 14 ದಿನ ಹಾಕಿಸುತ್ತೇನೆ.

ಹಂತ 6: ಕೆಲಸದವರಿಗೆ ಕುಡಿಯುವ ನೀರು, ಶೌಚಾಲಯ, ಹೆಲ್ಮೆಟ್ ಇದೆಯಾ ನೋಡಿ. ಅದೂ ಇಲ್ಲದ ಕಡೆ ನನ್ನ ಮನೆ ಕೆಲಸ ಕೊಡುವುದಿಲ್ಲ.

ಇಷ್ಟಾದ ಮೇಲೆ ರೇಟ್ ಮಾತಾಡಿ. ಕವರ್ ಬ್ಲಾಕ್, ನೀರಿನ ಅಳತೆ, ಕ್ಯೂರಿಂಗ್ ದಿನಗಳು, ಟ್ಯಾಂಕರ್ ದುಡ್ಡು ಯಾರದು, ಎಲ್ಲವನ್ನೂ ಕರಾರಿನಲ್ಲಿ ಬರೆಸಿ, ಆಮೇಲೆ ಅಡ್ವಾನ್ಸ್ ಕೊಡಿ.